ಗುಲಾಬಿಯಕ್ಕನ ಕೋರಿಪುಡಿ

ಕೆಲಸ ಕೆಡಿಸಿದವನು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಕೊನೆಗೆ ಬರೆದರೆ ನೀವು ವಿನಯ ಎಂದು ತಿಳಿದುಕೊಂಡೀರಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರು ಪೇಟೆಗಳಲ್ಲೂ ಒಂದು ಕಾಲಕ್ಕೆ ಹೆಸರಾಗಿದ್ದ ಹುರಿದ ಕೋಳಿಯ ಹುಟ್ಟಿಗೆ ಕಾರಣ ನನ್ನ ಒಂದು ಮಂಗಾಟ. ಅದರ ಮೇಲೆ ಉದುರಿಸುವ ಗುಟ್ಟಿನ ಮಸಾಲೆಯನ್ನು ಹಾಳುಮಾಡಿ, ಒಂದು ಹೊಸ ಹೋಟೆಲನ್ನು ಮೊದಲ ದಿನವೇ ಖಾಲಿ ಮಾಡಿಸಿದವನೂ ನಾನೇ. ಇವೆರಡರ ನಡುವೆ ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಕೋಳಿಯ ಪುಕ್ಕ ಕಿತ್ತದ್ದು.

ಈಗ ಅಡುಗೆ ಕೆಲಸಕ್ಕೆ ಸೇರುವವರು ಬಿಳಿ ಟೊಪ್ಪಿ ಹಾಕಿಕೊಂಡು, ಕೈಯಲ್ಲಿ ಸರ್ಟಿಫಿಕೇಟು ಹಿಡಿದುಕೊಂಡು ಬರುತ್ತಾರೆ. ನನ್ನನ್ನು ಕಂಡರೆ ಕೇಳುವುದು ಒಂದೇ ಮಾತು, “ಐತಪ್ಪಣ್ಣ, ಆ ಮಸಾಲೆಗೆ ಎಂತೆಲ್ಲ ಹಾಕ್ತಿದ್ರು?” ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಸಹಾಯಕ, ಯಾವಾಗ ಮುಖ್ಯ ಅಡುಗೆಯವನಾದೆ ಎಂಬ ವಿಚಾರ ಬಿಡುವ. ಒಲೆಗೆ ಅದು ಗೊತ್ತಾಗಲೇ ಇಲ್ಲ, ಎರಡೂ ಕಾಲದಲ್ಲಿ ಒಂದೇ ರೀತಿ ಕೈ ಸುಟ್ಟಿತು.

ಬಂಟ್ವಾಳದಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಸಂಕಪ್ಪ ಧಣಿಗಳ ಹೋಟೆಲು. ಐವತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಇಪ್ಪತ್ತೆರಡು ತುಂಬಿತ್ತು. ಒಲೆಗೆ ಸೌದೆ ಒಟ್ಟುವುದು, ಕೋಳಿ ಕೊಯ್ದು ಪುಕ್ಕ ಕೀಳುವುದು, ಎಣ್ಣೆಯ ಬಾಣಲೆ ನೋಡಿಕೊಳ್ಳುವುದು ನನ್ನ ಕೆಲಸ. ಅರೆಯುವ ಕಲ್ಲಿನ ಹತ್ತಿರ ಗುಲಾಬಿಯಕ್ಕ. ಬೆಳುವಾಯಿಯವರು, ಬಂಟ್ವಾಳದಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಿದ್ದರು. ಹೋಟೆಲಿನ ಅಷ್ಟೂ ಮಸಾಲೆ ಅವರ ಕೈಯಲ್ಲೇ ಅರೆದಾಗಬೇಕು. ಆದರೆ ಒಲೆಯ ಹತ್ತಿರ ಅವರನ್ನು ನಿಲ್ಲಿಸುತ್ತಿರಲಿಲ್ಲ. ಹೋಟೆಲಿನಲ್ಲಿ ಹೆಂಗಸರು ಅರೆಯುವುದು, ಗಂಡಸರು ಬೇಯಿಸುವುದು ಎಂದು ಆಗ ಕ್ರಮ. ಮನೆಯಲ್ಲಿ ಗಂಡಸರಿಗೆ ನೀರು ಕಾಯಿಸಲಿಕ್ಕೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ನನಗೆ ಇನ್ನೊಂದು ಕೆಲಸವಿತ್ತು, ಅದಕ್ಕೆ ಯಾರೂ ನನ್ನನ್ನು ನೇಮಿಸಿರಲಿಲ್ಲ. ಕಂಡವರ ಸ್ವರ ಅಣಕಿಸುವುದು. ಬೆಳ್ತಂಗಡಿ ಬಸ್ಸಿನ ಡ್ರೈವರ್ ಫೆಲಿಕ್ಸಣ್ಣ ಮಾತಾಡುವುದಕ್ಕಿಂತ ಮೊದಲು ಗಂಟಲು ಸ್ಟಾರ್ಟ್ ಮಾಡುವ ಬಗೆ, ಮೊಟ್ಟೆಯಿಡುವ ಹೇಂಟೆಯ ಸಂಭ್ರಮ, ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಧಣಿಗಳದ್ದು. ಅವರು ಮೂಗಿನಿಂದ ಮಾತು ತೆಗೆದು, ಕೊನೆಯ ಶಬ್ದವನ್ನು ಎಳೆದು, ಎಳೆದದ್ದು ಹಾಳಾಗಬಾರದೆಂದು ಅದರ ಮೇಲೆಯೇ ಮುಂದಿನ ಮಾತು ಶುರುಮಾಡುತ್ತಿದ್ದರು. ಅಷ್ಟು ಜಾಗ್ರತೆಯ ಮನುಷ್ಯ. ಎಲೆಯ ಕಟ್ಟಿಗೆ ಸುತ್ತಿದ ಬಾಳೆನಾರನ್ನೂ ಬಿಚ್ಚಿ, ನೀರಿಗೆ ಹಾಕಿ, ಮರುದಿನ ಉಪಯೋಗಿಸುವವರು. ನನ್ನನ್ನು ಅಣಕಿಸಲಿಕ್ಕೆ ಮಾತ್ರ ಹೋಟೆಲಿನಲ್ಲಿ ಯಾರಿಗೂ ಬರುತ್ತಿರಲಿಲ್ಲ, ಆ ಕೆಲಸವನ್ನೂ ನಾನೇ ಮಾಡಿಕೊಳ್ಳುತ್ತಿದ್ದೆ.

ನಮ್ಮಲ್ಲಿ ಆಗ ಹೆಸರಿದ್ದದ್ದು ಕೋರಿರೊಟ್ಟಿಗೆ. ಕೋರಿ ಎಂದರೆ ತುಳುವಿನಲ್ಲಿ ಕೋಳಿ. ಅಕ್ಕಿಯ ತೆಳು ರೊಟ್ಟಿಯನ್ನು ಹಪ್ಪಳದ ಹಾಗೆ ಗರಿಗರಿ ಮಾಡಿಟ್ಟು, ಮೇಲೆ ಕೋಳಿಯ ಸಾರು ಹೊಯ್ಯುವುದು. ರೊಟ್ಟಿಯ ಡಬ್ಬದ ಅಡಿಯಲ್ಲಿ ಪುಡಿ ಉಳಿಯುತ್ತಿತ್ತು. ಅದನ್ನು ಬೆಳಿಗ್ಗೆ ಬುಟ್ಟಿಯ ಕೋಳಿಗಳಿಗೆ ಹಾಕುತ್ತಿದ್ದೆವು. ಹುರಿದ ಕೋಳಿ ಎಂಬುದೂ ಒಂದು ಇತ್ತು, ಕೇಳಿದವರಿಗೆ ಮಾತ್ರ. ಫಾರಮ್ಮಿನ ಕೋಳಿ ಇನ್ನೂ ಬಂದಿರಲಿಲ್ಲ. ಊರಿಡೀ ಓಡಾಡಿದ ಕೋಳಿ, ಅದರ ತೊಡೆ ಫುಟ್‌ಬಾಲ್ ಆಡುವವನ ತೊಡೆ. ಬೇಯಿಸಿ, ಅರೆದ ಮಸಾಲೆ ಮೆತ್ತಿ ಎಣ್ಣೆಗೆ ಬಿಟ್ಟರೆ ಮಸಾಲೆ ಕಳಚಿ ತಳಕ್ಕೆ ಹೋಗಿ ಕರಟುವುದು, ಕೋಳಿ ಬೋಳಾಗಿ ಮೇಲೆ ಬರುವುದು. ಕೇಳಿದವರು ಎರಡನೆಯ ಸಲ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಧಣಿಗಳು ಎದುರಿನ ಅಂಗಡಿಗೆ ಕ್ಷೌರಕ್ಕೆ ಹೋದರು. ಗುಲಾಬಿಯಕ್ಕ ಒಲೆಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಅರೆಯುತ್ತಿದ್ದರು. ನನಗೆ ಸುಮ್ಮನೆ ಕೂರಲಿಕ್ಕೆ ಆಗದೆ ಸೌದೆ ಕೊಟ್ಟಿಗೆಯಿಂದ ಧಣಿಗಳ ಹಾಗೆ ಮೂಗಿನಲ್ಲಿ ಕರೆದೆ, “ಗುಲಾಬೀ, ಆ ರೊಟ್ಟಿ ಡಬ್ಬದ ಅಡಿಯ ಪುಡಿ ಯಾಕೆ ಹಾಳು ಮಾಡೂದು, ಹುರಿಯುವ ಕೋರಿಗೆ ಹಾಕಿಬಿಡು.”

ಯಾವ ಬುದ್ಧಿವಂತ ಧಣಿಯೂ ಹೇಳುವ ಮಾತಲ್ಲ ಎಂದು ನಾನು ಎಣಿಸಿದ್ದೆ. ನಮ್ಮ ಧಣಿಗಳು ಹೇಳಬಹುದಾದ ಮಾತು ಎಂದು ಗುಲಾಬಿಯಕ್ಕ ಎಣಿಸಿದರು. ನಾನು ಬಾಯಿಗೆ ಹೆಗಲ ಮೇಲಿನ ಬೈರಾಸು ತುರುಕಿಕೊಂಡು ನಕ್ಕು ಮುಗಿಸಿ ಒಳಗೆ ಬರುವಾಗ, ಮಸಾಲೆ ಮೆತ್ತಿದ್ದ ಅಷ್ಟೂ ಕೋಳಿ ರೊಟ್ಟಿಪುಡಿಯಲ್ಲಿ ಹೊರಳಿ ಎದ್ದು, ಮರಳಿನಲ್ಲಿ ಮಲಗಿದ ಮಕ್ಕಳ ಹಾಗೆ ಕೂತಿತ್ತು.

“ಎಂತ ಮಾಡಿದ್ದು ಗುಲಾಬಿಯಕ್ಕ?”

“ಧಣಿ ಹೇಳಿದ್ರಲ್ಲ.” ಆಮೇಲೆ ಬಾಗಿಲಿನಿಂದ ಎದುರಿನ ಅಂಗಡಿ ನೋಡಿದರು. ಧಣಿಗಳ ಅರ್ಧ ಮುಖ ನೊರೆಯಲ್ಲಿತ್ತು. ಅಲ್ಲಿಂದ ಕಣ್ಣು ತಿರುಗಿ ನನ್ನ ಮೇಲೆ ನಿಂತಿತು. “ಐತ, ನಿನ್ನ ನಾಲಗೆ ತೆಗೆದು ಈ ಕಲ್ಲಿಗೆ ಹಾಕಿ ಅರೀಬೇಕು.”

ಅಷ್ಟರಲ್ಲಿ ಬಸ್ಸು ಬಂತು. ಫೆಲಿಕ್ಸಣ್ಣ ಗಂಟಲು ಸ್ಟಾರ್ಟ್ ಮಾಡಿ, “ಹುರಿದ ಕೋರಿ ಉಂಟಾ?” ಎಂದರು. ಕೇಳಿದವರು ಎರಡನೆಯ ಸಲ ಕೇಳುವುದಿಲ್ಲ ಎಂದೆನಲ್ಲ, ಅವರು ಆ ದಿನ ಕೇಳಿದ್ದು ಮೊದಲ ಸಲ. ಬೇರೆ ಕೋಳಿ ಬೇಯಿಸಲಿಕ್ಕೆ ಹೊತ್ತಿಲ್ಲ.

“ಎಣ್ಣೆಗೆ ಹಾಕು,” ಎಂದರು ಗುಲಾಬಿಯಕ್ಕ. “ಕೋರಿ ಅವರು ತಿನ್ಲಿ, ಬೈಗುಳ ನೀನು ತಿನ್ನು.”

ಹಾಕಿದೆ. ಕೋಳಿ ಬಂಗಾರದ ಬಣ್ಣಕ್ಕೆ ಬಂದು ಮೇಲೆ ತೇಲಿತು. ಫೆಲಿಕ್ಸಣ್ಣ ಕಚ್ಚಿದ್ದು ಅಡುಗೆ ಕೋಣೆಗೆ ಕೇಳಿತು. ಇನ್ನೊಂದು ಕಚ್ಚಿದರು. ಬಸ್ಸಿನಿಂದ ಇಳಿದ ನಾಲ್ಕೈದು ಜನ ಆ ಶಬ್ದ ಕೇಳಿಯೇ ತಮಗೂ ಬೇಕೆಂದರು. ಕೈ ತೊಳೆದು ಬಂದ ಮೇಲೆ ಫೆಲಿಕ್ಸಣ್ಣ ಹೇಳಿದ್ದು ಇದು: “ಶಬ್ದ ಒಳ್ಳೇದುಂಟು ಮಾರಾಯ. ಆದ್ರೆ ಬಾಯಿಗೆ ರುಚಿ ಸಿಗುವ ಮೊದಲೇ ಶಬ್ದ ಮುಗೀತದೆ. ಅದಕ್ಕೊಂದು ದಾರಿ ಮಾಡಿ, ನಾಳೆ ಪುನಃ ಬರ್ತೇನೆ.”

ಧಣಿಗಳು ಗಲ್ಲ ಸವರಿಕೊಳ್ಳುತ್ತ ಬರುವಾಗ ಜನ ಹುರಿದ ಕೋಳಿ ಹೊಗಳುತ್ತಿದ್ದರು. “ಇದು ಯಾರು ಹೇಳಿ ಮಾಡಿದ್ದು?” ಎಂದು ಕೇಳಿದರು. ಗುಲಾಬಿಯಕ್ಕ ನನ್ನನ್ನು ಉಳಿಸುವುದಕ್ಕಾಗಿ, “ನಿಮ್ಮ ಸ್ವರ ಕೇಳಿದ ಹಾಗಾಯ್ತು ಧಣಿ,” ಎಂದರು. ಧಣಿಗಳು ಒಂದು ಗಳಿಗೆ ಯೋಚಿಸಿದರು. ಹೊಗಳಿಕೆಯನ್ನು ಹಾಳುಮಾಡುವ ಮನುಷ್ಯ ಅವರಲ್ಲ. “ಹೌದು ಹೌದು, ನಾನೇ ಹೇಳಿದ್ದು,” ಎಂದುಬಿಟ್ಟರು. ನನ್ನ ಕಳ್ಳಸ್ವರಕ್ಕೆ ಹೀಗೆ ವಾರಸುದಾರರು ಸಿಕ್ಕಿದರು. ಸತ್ಯ ಹೇಳಿದರೆ ನನ್ನ ಕೆಲಸ ಹೋಗುತ್ತದೆ ಎಂದು ನಾನೂ ಬಾಯಿ ಮುಚ್ಚಿದೆ. ಅಲ್ಲಿಂದ ಮುಂದಿನ ಎಲ್ಲ ಅನ್ಯಾಯಕ್ಕೂ ಬೀಜ ಅದೇ.

ಇನ್ನು ರುಚಿಯ ಮಾತು. ಅದನ್ನು ಹುಡುಕಿದವರು ಗುಲಾಬಿಯಕ್ಕ ಒಬ್ಬರೇ. ಅರೆದ ಮಸಾಲೆ ಹೆಚ್ಚು ಹಾಕಿ ನೋಡಿದರು, ರೊಟ್ಟಿಪುಡಿ ನೆನೆದು ಅಂಟಾಯಿತು. ಒಣ ಮೆಣಸಿನ ಪುಡಿಯನ್ನು ರೊಟ್ಟಿಪುಡಿಗೇ ಬೆರೆಸಿದರು, ಅದು ಎಣ್ಣೆಯಲ್ಲಿ ಕರಟಿ ಎದ್ದ ಘಾಟಿಗೆ ಊಟಕ್ಕೆ ಕೂತವರು ಎಲೆ ಹಿಡಿದುಕೊಂಡು ರಸ್ತೆಗೆ ಓಡಿದರು. ಧಣಿಗಳು ಮೂಗಿನಿಂದ ಮಾತಾಡುವವರು, ಆ ದಿನ ಅವರಿಗೆ ಮಾತೇ ಹೊರಡಲಿಲ್ಲ. ಇದೆಲ್ಲ ವಾರಗಟ್ಟಲೆ ನಡೆಯಿತು. ಗುಲಾಬಿಯಕ್ಕ ಅರೆಯುತ್ತ ಅರೆಯುತ್ತ ಇದ್ದಕ್ಕಿದ್ದ ಹಾಗೆ ಕಲ್ಲು ನಿಲ್ಲಿಸಿ ಗೋಡೆ ನೋಡುವರು. ನಾನು ಅದನ್ನೂ ಅಣಕಿಸಿದೆ. ಅವರ ಕಣ್ಣಿಗೆ ಅದು ಬೀಳಲೇ ಇಲ್ಲ.

ಒಮ್ಮೆ ಊರಿಗೆ ಹೋಗಿ ಬರುವಾಗ ಒಂದು ಭರಣಿ ತಂದರು. ಉಪ್ಪಿನಲ್ಲಿಟ್ಟು ಬಿಸಿಲಿಗೆ ಒಣಗಿಸಿದ ಬಿಂಬುಳಿ. ನಮ್ಮ ಕಡೆ ಹಿತ್ತಿಲಲ್ಲಿ ಬಿದ್ದು ಕೊಳೆಯುವ ಹುಳಿಕಾಯಿ ಅದು, ಮಕ್ಕಳು ಉಪ್ಪು ಮುಟ್ಟಿಸಿ ತಿಂದು ಕಣ್ಣು ಮುಚ್ಚುವಂಥದ್ದು. ಅದರ ಉಪ್ಪುನೀರಿನಲ್ಲಿ ಕೋಳಿ ಬೇಯಿಸಿದರು, ಗಟ್ಟಿ ತೊಡೆ ಮೆತ್ತಗಾಯಿತು. ರೊಟ್ಟಿಪುಡಿಯಲ್ಲಿ ಹೊರಳಿಸಿ ಹಾಗೆಯೇ ಎಣ್ಣೆಗೆ ಬಿಟ್ಟೆವು.

“ಮಸಾಲೆ?” ಎಂದೆ.

“ಸುಮ್ಮನಿರು. ಎಣ್ಣೆಯಿಂದ ತೆಗಿ.”

ತೆಗೆದೆ. ಎಣ್ಣೆ ಇನ್ನೂ ಗುಳ್ಳೆ ಒಡೆಯುತ್ತಿದ್ದ ಕೋಳಿಯ ಮೇಲೆ ಕೆಂಪು ಪುಡಿ ಉದುರಿಸಿ ತಟ್ಟೆಯನ್ನು ಎರಡು ಸಲ ಕುಲುಕಿದರು. ಮಸಾಲೆ ಎಣ್ಣೆಗೆ ಹೋಗುವುದೇ ಬೇಡ, ಎಣ್ಣೆಯಿಂದ ಬಂದ ಬಿಸಿ ಸಾಕು. ಇಷ್ಟು ಸಣ್ಣ ಸಂಗತಿ. ನಾವು ಗಂಡಸರು ಒಲೆಯ ಎದುರು ಇಷ್ಟು ವರ್ಷ ನಿಂತರೂ ಹೊಳೆದಿರಲಿಲ್ಲ.

ಪುಡಿಯಲ್ಲಿ ಬ್ಯಾಡಗಿ ಮೆಣಸು, ಕೊತ್ತಂಬರಿ, ಕರಿಮೆಣಸು, ಜೀರಿಗೆ, ಮೆಂತೆ, ಒಣಗಿದ ಬಿಂಬುಳಿ. ಇನ್ನೊಂದು ಸಾಮಾನು ಉಂಟು, ಅದನ್ನು ಬರೆಯುವುದಿಲ್ಲ. ಅಡುಗೆ ಕೆಲಸಕ್ಕೆ ಸೇರುವವರಿಗೆ ಸಾಮಾನಿನ ಪಟ್ಟಿಗಿಂತ ದೊಡ್ಡದು ಕೈ ಎಲ್ಲಿ ನಿಲ್ಲಬೇಕೆಂಬುದು. ಅದು ನನಗೆ ಹೇಗೆ ಗೊತ್ತಾಯಿತು ಎಂದು ಮುಂದೆ ಬರುತ್ತದೆ, ನಗಬೇಡಿ.

ಫೆಲಿಕ್ಸಣ್ಣ ತಿಂದರು. ಈ ಸಲ ಗಂಟಲು ಸ್ಟಾರ್ಟ್ ಆಗಲಿಲ್ಲ. ಬಸ್ಸಿನಲ್ಲಿ ಕೂತವರು ಹಾರ್ನು ಒತ್ತಿ ಡ್ರೈವರನ್ನು ಕರೆದದ್ದನ್ನು ನಾನು ಅಂದೇ ನೋಡಿದ್ದು. ಆಮೇಲೆ ಆ ಬಸ್ಸು ಬಂಟ್ವಾಳದಲ್ಲಿ ಕಾಲು ಗಂಟೆ ಹೆಚ್ಚು ನಿಲ್ಲತೊಡಗಿತು. ಬೆಳ್ತಂಗಡಿಯ ಕಚೇರಿಯವರು ಡ್ರೈವರನ ಕೈಯಲ್ಲಿ ಪೊಟ್ಟಣ ತರಿಸಿಕೊಂಡರು. ಜನ ಅದನ್ನು ಕೋರಿಪುಡಿ ಎಂದು ಕರೆದರು. ಯಾರದ್ದು ಈ ಕೋರಿಪುಡಿ ಎಂದು ಕೇಳಿದರೆ ಧಣಿಗಳು ಎದೆಯ ಮೇಲೆ ಕೈಯಿಟ್ಟು, “ನಮ್ಮದೇ, ಒಂದು ದಿನ ಹಾಗೇ ತಲೆಗೆ ಬಂತು,” ಎನ್ನುವರು. ಒಳಗೆ ಕಲ್ಲು ತಿರುಗುತ್ತಿತ್ತು.

ಕೆಲವು ವರ್ಷ ಹೀಗೆ ಹೋಯಿತು. ಧಣಿಗಳು ಬೆಳ್ತಂಗಡಿಯಲ್ಲಿ ಇನ್ನೊಂದು ಹೋಟೆಲು ಹಾಕುವುದೆಂದಾಯಿತು. ಆಗ ಗುಲಾಬಿಯಕ್ಕ ನನ್ನ ಹತ್ತಿರ ಒಂದೇ ಒಂದು ಸಲ ಮನಸ್ಸು ಬಿಚ್ಚಿದರು. “ಅಲ್ಲಿಯ ಒಲೆ ನನ್ನ ಕೈಗೆ ಕೊಡ್ತಾರೆ ಅಂತ ಆಸೆ ಉಂಟು, ಐತ. ಇಷ್ಟು ವರ್ಷ ಬೆನ್ನು ಹಾಕಿ ಕೂತದ್ದಾಯ್ತು. ಒಂದು ಸಲ ಎದುರು ನಿಂತು ಬೇಯಿಸ್ಬೇಕು.”

ಧಣಿಗಳ ಲೆಕ್ಕ ಬೇರೆ ಇತ್ತು. ಬೆಳ್ತಂಗಡಿಯಲ್ಲಿ ಎಣ್ಣೆ ಇಂಜಿನಿನ ಮಿಲ್ಲು ಬಂದಿತ್ತು. ಒಂದು ದಿನದ ಪುಡಿ ಅಲ್ಲಿ ಗಳಿಗೆಯಲ್ಲಿ ಆಗುತ್ತದೆ, ಮತ್ತೆ ಕುಟ್ಟುವ ಜನ ಯಾಕೆ? ನನ್ನನ್ನು ಕರೆದು, “ಆ ಪುಡಿ ನಿನಗೆ ಬರ್ತದಾ?” ಎಂದು ಕೇಳಿದರು.

ಇಲ್ಲಿ ನನ್ನ ಎರಡನೆಯ ಮೂರ್ಖತನ. ಬಾಯಿಯಲ್ಲಿ ಉತ್ತರ ಕೊಡದೆ ಮಾಡಿ ತೋರಿಸಿದೆ. ಗುಲಾಬಿಯಕ್ಕ ಮೆಣಸು ಮೆಂತೆ ಹುರಿಯುವಾಗ ಮೂಗು ಸೊಟ್ಟ ಮಾಡುವುದು, ಎಡಗೈಯ ಹಿಂಭಾಗಕ್ಕೆ ಪುಡಿ ಹಾಕಿ ನೆಕ್ಕುವುದು, ಒರಳಿನಲ್ಲಿ ಕುಟ್ಟುತ್ತ ನಡುನಡುವೆ ನಿಲ್ಲಿಸಿ ಸೊಂಟಕ್ಕೆ ಕೈಯಿಟ್ಟು ನಿಲ್ಲುವುದು, ಎಲ್ಲವನ್ನೂ. ಧಣಿಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಸಾಕು, ಗುಲಾಬಿಯೇ ಬಂದ ಹಾಗಾಯ್ತು. ಅವಳಿಗಿನ್ನು ರೆಸ್ಟು.” ಗುಲಾಬಿಯಕ್ಕನಿಗೆ ಒಂದು ಸೀರೆ, ವೀಳ್ಯದೆಲೆ ಕೊಟ್ಟು ಬೆಳುವಾಯಿಗೆ ಕಳಿಸಿದರು. ಹೋಗುವಾಗ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅದನ್ನು ಅಣಕಿಸಿಯಾದರೂ ಹಗುರಾಗುತ್ತಿದ್ದೆ.

ಬೆಳ್ತಂಗಡಿಯಲ್ಲಿ ಮೊದಲ ದಿನ ತಳಿರು ತೋರಣ, ಜನ ಬೇಕಾದಷ್ಟು. ಧಣಿಗಳು ಎದುರು ಕೂತು, “ಕೋರಿಪುಡಿ ಅಂದ್ರೆ ನಮ್ಮ ತಂದೆಯವರು ಕಂಡುಹಿಡಿದದ್ದು,” ಎನ್ನುತ್ತಿದ್ದರು. ಬಂಟ್ವಾಳದಿಂದ ಬೆಳ್ತಂಗಡಿಗೆ ಬರುವಷ್ಟರಲ್ಲಿ ಪುಡಿಗೆ ಒಂದು ತಲೆಮಾರು ವಯಸ್ಸಾಗಿತ್ತು.

ಒಳಗೆ ನಾನು ಮಿಲ್ಲಿನಿಂದ ತಂದ ಡಬ್ಬದ ಮುಚ್ಚಳ ತೆಗೆದು ನೋಡಿದರೆ ಪುಡಿ ಇಲ್ಲ. ಉಂಡೆ. ಮಿಲ್ಲಿನ ಬಿಸಿಗೆ ಬಿಂಬುಳಿ ಕರಗಿ, ಮೆಣಸು ಮೆಂತೆಯನ್ನೆಲ್ಲ ಹಿಡಿದುಕೊಂಡು ಹಳೆಯ ಹುಣಸೆಹಣ್ಣಿನ ಹಾಗೆ ಕೂತಿತ್ತು. ಗುಲಾಬಿಯಕ್ಕ ನಡುನಡುವೆ ಒನಕೆ ನಿಲ್ಲಿಸುತ್ತಿದ್ದದ್ದು ಸೊಂಟನೋವಿಗೆ ಎಂದು ನಾನು ತಿಳಿದಿದ್ದೆ. ಅದು ಪುಡಿ ತಣಿಯಲಿಕ್ಕೆ. ನಾನು ಸೊಂಟವನ್ನು ಕಲಿತಿದ್ದೆ, ತಣಿಸುವುದನ್ನು ಕಲಿತಿರಲಿಲ್ಲ. ಮೂಗು ಸೊಟ್ಟ ಮಾಡಿದ್ದೂ ಅಷ್ಟೇ, ಮೆಂತೆಯ ವಾಸನೆ ಯಾವಾಗ ತಿರುಗುತ್ತದೆಂದು ಹಿಡಿಯಲಿಕ್ಕೆ. ನನ್ನ ಮೂಗು ಸರಿಯಾಗಿ ಸೊಟ್ಟಗಾಗಿತ್ತು, ಮೆಂತೆ ಮಾತ್ರ ಕರಟಿ ಕಹಿಯಾಗಿತ್ತು.

ಉಂಡೆಯನ್ನು ಸೌಟಿನಲ್ಲಿ ಒಡೆದು ಉದುರಿಸಿದೆ. ಒಬ್ಬನ ಬಾಯಿಗೆ ಬರಿಯ ಹುಳಿ, ಇನ್ನೊಬ್ಬನ ಬಾಯಿಗೆ ಬರಿಯ ಕಹಿ. ಕಚೇರಿಯ ಹೆಡ್ ಗುಮಾಸ್ತರು ಒಂದು ತುತ್ತಿಗೆ ಎಲೆ ಮಡಚಿದರು. ಅವರು ಮಡಚಿದ್ದು ನೋಡಿ ಸಾಲಿನವರೆಲ್ಲ ಮಡಚಿದರು. ಹೋಟೆಲು ಖಾಲಿಯಾದ ಮೇಲೂ ಫೆಲಿಕ್ಸಣ್ಣ ಕೂತಿದ್ದರು.

“ಐತ, ನೀನು ಗುಲಾಬಿಯಕ್ಕನ ಸ್ವರದಲ್ಲಿ ಮಾತಾಡುವಾಗ ನಮಗೆ ನಗು ಬರ್ತದೆ ಅಲ್ವಾ? ಈ ಕೋರಿಯೂ ಹಾಗೇ ಉಂಟು. ಆದ್ರೆ ನಗು ಬರೂದಿಲ್ಲ.”

ಮಾರನೆಯ ದಿನ ಧಣಿಗಳು ನನ್ನನ್ನು ಬೆಳುವಾಯಿಗೆ ಕಳಿಸಿದರು. ಗುಲಾಬಿಯಕ್ಕ ಅಂಗಳದಲ್ಲಿ ಚಾಪೆ ಹಾಕಿ ಬಿಂಬುಳಿ ಒಣಗಿಸುತ್ತಿದ್ದರು. “ಬೇಕಾದವರು ಬರ್ಲಿ,” ಎಂದರು, ತಲೆ ಎತ್ತದೆ. ಹೋಗಿ ಹೇಳಿದೆ. ಮೂರನೆಯ ದಿನ ಧಣಿಗಳೇ ಬಂದರು, ನಾನು ಹಿಂದಿನಿಂದ. ಅವರಿಗೆ ಬೆಲ್ಲ ನೀರು ಕೊಟ್ಟು ಕೂರಿಸಿದ ಮೇಲೆ ಗುಲಾಬಿಯಕ್ಕ ನನ್ನ ಕಡೆ ತಿರುಗಿದರು.

“ಐತ, ಆ ದಿನ ರೊಟ್ಟಿಪುಡಿ ಹಾಕಲಿಕ್ಕೆ ಹೇಳಿದ್ದು ಯಾರಂತ ಧಣಿಗೆ ಹೇಳು.”

ಬಾಯಿಗೆ ಮಾತು ಬರಲಿಲ್ಲ. ಹಾಗಾಗಿ ಮೂಗಿನಿಂದ ಹೇಳಿದೆ, ಅಂದು ಹೇಳಿದ ಹಾಗೆಯೇ, ಎಳೆದು. ಧಣಿಗಳು ಬೆಲ್ಲ ನೀರಿನ ಲೋಟ ಕೆಳಗಿಟ್ಟರು.

“ನನ್ನ ಸ್ವರ ಹಾಗೆ ಉಂಟಾ?”

“ಇದಕ್ಕಿಂತ ಸ್ವಲ್ಪ ಹೆಚ್ಚು, ಧಣಿ.”

“ನಿನ್ನನ್ನು ಕೆಲಸದಿಂದ ಬಿಡಿಸ್ಬೇಕು. ಆದ್ರೆ ಬಿಡಿಸಿದ್ರೆ ನೀನು ಬೇರೆ ಹೋಟೆಲಿನಲ್ಲಿ ಕೂತು ನನ್ನ ಹಾಗೆ ಮಾತಾಡ್ತೀಯ,” ಎಂದರು. ಹೀಗೆ ನನ್ನ ಕೆಲಸ ಉಳಿಯಿತು. ನನ್ನ ನಡತೆಗೆ ಸಿಕ್ಕಿದ ಬಹುಮಾನವಲ್ಲ, ಧಣಿಗಳ ಹೆದರಿಕೆಯಿಂದ ಸಿಕ್ಕಿದ್ದು.

ಧಣಿಗಳು ಆಗಲೇ ಮೂಡಬಿದಿರೆಯಲ್ಲೂ ಒಂದು ಹೋಟೆಲು ತೆರೆಯುವ ಏರ್ಪಾಡಿನಲ್ಲಿದ್ದರು. ಗುಲಾಬಿಯಕ್ಕನ ಷರತ್ತು ಎರಡೇ. ಆ ಹೋಟೆಲಿನ ಮುಖ್ಯ ಒಲೆ ತನ್ನದು, ಪುಡಿಯ ಕೋಣೆಯ ಬೀಗದ ಕೈ ತನ್ನ ಸೊಂಟದಲ್ಲಿ. ಅಂದರೆ ಬೆಳ್ತಂಗಡಿಗೆ ಬೇಕಾದ ಪುಡಿಯೂ ಅಲ್ಲಿಂದಲೇ ಹೋಗಬೇಕು. “ಹೆಂಗಸು ಒಲೆಯ ಎದುರು ನಿಂತ್ರೆ ಜನ ಎಂತ ಹೇಳ್ತಾರೆ?” ಎಂದು ಧಣಿಗಳು ಕೇಳಿದರು. “ಬೆಳ್ತಂಗಡಿಯಲ್ಲಿ ಗಂಡಸು ನಿಂತಾಗ ಎಂತ ಹೇಳಿದ್ರು?” ಎಂದರು ಗುಲಾಬಿಯಕ್ಕ. ಧಣಿಗಳು ಎರಡಕ್ಕೂ ಒಪ್ಪಿ ಎದ್ದರು.

ಮೂಡಬಿದಿರೆಯ ಮೊದಲ ದಿನವನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗಿಲ್ಲ. ಗುಲಾಬಿಯಕ್ಕ ಸೀರೆಯ ಸೆರಗು ಸಿಕ್ಕಿಸಿ ಒಲೆಯ ಎದುರು ನಿಂತರು. ನಾನು ಸೌದೆಗೆ. ಅಡುಗೆ ಕೋಣೆಗೂ ಊಟದ ಕೋಣೆಗೂ ನಡುವೆ ಬಾಗಿಲು ತೆರೆದೇ ಇಡಬೇಕೆಂದು ಅವರೇ ಹೇಳಿದ್ದು, ಬೇಯಿಸುವವರನ್ನು ತಿನ್ನುವವರು ಕಾಣಲಿ ಎಂದು. ಮೊದಲು ಕೆಲವರು ಬಾಗಿಲಿನ ಕಡೆ ನೋಡಿ ಪಿಸಪಿಸ ಮಾಡಿದರು. ಮೊದಲ ತಟ್ಟೆ ಹೊರಗೆ ಹೋಯಿತು. ಕರಕರ ಎಂದಿತು. ಪಿಸಪಿಸ ನಿಂತಿತು. ಆಮೇಲೆ ಹೋಟೆಲಿಡೀ ಕರಕರ. ಪುತ್ತಿಗೆಯಿಂದ ಬಂದವರು ಜಗಲಿಯಲ್ಲಿ ನಿಂತು ತಿಂದರು. ಒಬ್ಬರು ಎಲೆಯಲ್ಲಿ ಉಳಿದ ಪುಡಿಯನ್ನು ಬೆರಳಿನಲ್ಲಿ ಒರೆಸಿ ತಿನ್ನುವಾಗ ನನ್ನ ಕಣ್ಣಿಗೆ ಬಿದ್ದು ನಾಚಿದರು, ಆಮೇಲೆ ನಾಚಿಕೆ ಬಿಟ್ಟು ಇನ್ನೊಂದು ತಟ್ಟೆ ಹೇಳಿದರು. ಫೆಲಿಕ್ಸಣ್ಣ ರಜೆ ಹಾಕಿ ಬೇರೆಯವರ ಬಸ್ಸಿನಲ್ಲಿ ಪ್ರಯಾಣಿಕರಾಗಿ ಬಂದಿದ್ದರು. ಬೆವರೊರೆಸಲಿಕ್ಕೆ ಗುಲಾಬಿಯಕ್ಕನಿಗೆ ಹೊತ್ತಿಲ್ಲ. ಮೂರು ಹೊತ್ತಿಗೆಂದು ತಂದ ಕೋಳಿ ಒಂದೇ ಹೊತ್ತಿಗೆ ಮುಗಿಯಿತು. ನಾನು ಪುಕ್ಕ ಕಿತ್ತು ಕಿತ್ತು ಹೇಂಟೆಯಂತೆ ಕೂಗುವ ಉತ್ಸಾಹವನ್ನೂ ಕಳೆದುಕೊಂಡಿದ್ದೆ. ಆದರೂ ಅಂಥ ಸಂತೋಷದ ದಿನ ನನ್ನ ಕೆಲಸದಲ್ಲಿ ಮತ್ತೊಂದು ಬರಲಿಲ್ಲ.

ಎಲ್ಲ ಮುಗಿಯುತ್ತ ಬರುವಾಗ ಮಂಗಳೂರಿನ ಒಬ್ಬ ದೊಡ್ಡ ಹೋಟೆಲಿನವರು ಕೈ ತೊಳೆದು ಬಂದು ಧಣಿಗಳ ಎದುರು ನಿಂತರು. “ಎಷ್ಟೋ ಕಡೆ ತಿಂದಿದ್ದೇನೆ, ಇಂಥದ್ದು ಇಲ್ಲ. ಈ ಪುಡಿ ಯಾರದ್ದು?”

ಊಟದ ಕೋಣೆ ಕಿವಿಯಾಯಿತು. ಧಣಿಗಳು ಬಾಗಿಲಿನ ಕಡೆ ಒಮ್ಮೆ ನೋಡಿದರು. ಬೆಳುವಾಯಿಯ ಅಂಗಳ ಅವರಿಗೆ ನೆನಪಿತ್ತು ಎಂದೇ ನನಗೆ ಅನಿಸುತ್ತದೆ. ಆದರೆ ಎದುರು ನಿಂತವರು ದೊಡ್ಡವರು, ಹೊಗಳಿಕೆ ದೊಡ್ಡದು, ನಾಲಗೆಗೆ ಹಳೆಯ ಅಭ್ಯಾಸ. “ನಮ್ಮ ಅಜ್ಜನ ಕಾಲದ್ದು ಸ್ವಾಮೀ,” ಎಂದರು, ಮೂಗಿನಿಂದ, ಕೊನೆ ಎಳೆದು. “ಅಜ್ಜ ಸ್ವತಃ ಕೈಯಲ್ಲಿ ಕುಟ್ಟಿ ನಮಗೆ ಹೇಳಿಕೊಟ್ಟದ್ದು.”

ಬಾಣಲೆಯ ಸದ್ದು ನಿಂತಿತು. ಗುಲಾಬಿಯಕ್ಕ ಬಾಗಿಲಿಗೆ ಬಂದರು. ಸಿಟ್ಟಿಲ್ಲ, ಏರಿದ ಸ್ವರವಿಲ್ಲ. ಸೊಂಟದಿಂದ ಬೀಗದ ಕೈ ಬಿಚ್ಚಿ ಧಣಿಗಳ ಮೇಜಿನ ಮೇಲಿಟ್ಟರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಯಾರ ಎದುರೂ ಅಣಕಿಸಿಲ್ಲ, ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ. ಇದಾದ ಮೇಲೆ ಧಣಿಗಳು ಅದೇ ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು, ಮಂಗಳೂರಿನವರಿಗೆ “ಪುಡಿ ಇವರದ್ದು, ಗುಲಾಬಿಯಕ್ಕನದ್ದು” ಎಂದರು, ಸಾಯುವವರೆಗೂ ಹಾಗೆಯೇ ಹೇಳಿದರು. ಗುಲಾಬಿಯಕ್ಕ ಹೇಳಿದ್ದು ಇಷ್ಟೇ:

“ಹಾಗಾದ್ರೆ ನಾಳೆಯ ಪುಡಿ ಕುಟ್ಟಲಿಕ್ಕೆ ನಿಮ್ಮ ಅಜ್ಜನಿಗೇ ಹೇಳಿ ಕಳಿಸಿ ಧಣಿ, ನಾನು ಬೆಳುವಾಯಿ ಬಸ್ಸಿಗೆ ಹೋಗ್ತೇನೆ.”